ಎಂಟನೇ ತರಗತಿಯ ಮೊಕದ್ದಮೆ

ಕಾನೂನು ಓದುವುದೆಂದರೆ ವಕೀಲರಾಗುವುದು ಎಂದೇ ನಮ್ಮಲ್ಲಿ ಹಲವರ ಲೆಕ್ಕ. ಸಿಬಿಎಸ್‌ಇಯಲ್ಲಿ 11 ಮತ್ತು 12ನೇ ತರಗತಿಗೆ ಲೀಗಲ್ ಸ್ಟಡೀಸ್ ಐಚ್ಛಿಕ ವಿಷಯವಾಗಿದೆ. ಆದರೆ ಎಲ್ಲ ಮಕ್ಕಳೂ ಓದಬೇಕಾದ ಪಾಠವೊಂದು ಎನ್‌ಸಿಇಆರ್‌ಟಿಯ ಹಿಂದಿನ 8ನೇ ತರಗತಿಯ ಸಮಾಜ ಪುಸ್ತಕದಲ್ಲಿತ್ತು. ಮನೆಗೆಲಸದ ಶಾಂತಿಯ ಮೇಲೆ ಚಿನ್ನದ ಸರ ಕದ್ದ ಆರೋಪ. ಪೊಲೀಸರ ಕೆಲಸ ತನಿಖೆ ಮಾತ್ರ, ತಪ್ಪಿತಸ್ಥಳೋ ಅಲ್ಲವೋ ಎಂದು ಹೇಳಬೇಕಾದದ್ದು ನ್ಯಾಯಾಲಯ ಎಂಬುದನ್ನು ಆ ಕಥೆ ಸರಳವಾಗಿ ತಿಳಿಸುತ್ತದೆ.

ಮುಂಬೈ, ಪುಣೆಯ ನಮ್ಮ ಮನೆಗಳಲ್ಲಿ ಪಾತ್ರೆ ತೊಳೆಯುವವರಲ್ಲಿ ಕಲಬುರಗಿ, ವಿಜಯಪುರ ಕಡೆಯಿಂದ ಬಂದವರೂ ಇದ್ದಾರೆ. ಒಡವೆ ಕಾಣದಿದ್ದರೆ ಮೊದಲ ಅನುಮಾನ ಅವರ ಮೇಲೆಯೇ. ಬಂಧಿಸಿದವರನ್ನು, ಪ್ರಯಾಣದ ಸಮಯ ಬಿಟ್ಟು, 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕೆಂದು ಸಂವಿಧಾನದ 22ನೇ ವಿಧಿ ಹೇಳುತ್ತದೆ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಂತೆ, ಆದಾಯ ಎಷ್ಟೇ ಇರಲಿ, ಮಹಿಳೆಯರು ಉಚಿತ ಕಾನೂನು ನೆರವಿಗೆ ಅರ್ಹರು.

ಈ ಪಾಠದ ಬೆಲೆ ನನಗೆ ಕಾಣುವುದು ಇಲ್ಲಿಯೇ. ದೂರು ಕೊಡುವ ಮನೆಯ ಮಗು, ಆರೋಪ ಹೊತ್ತವಳ ಹಕ್ಕನ್ನು ಓದುತ್ತದೆ. ಅಂಕಕ್ಕಾಗಿಯೇ ಓದಲಿ, ಚಿಂತೆಯಿಲ್ಲ. ಮನೆಯಲ್ಲಿ ಏನಾದರೂ ಕಳೆದ ದಿನ ನಮ್ಮನ್ನು ಒಂದು ಮಾತು ಕೇಳಿದರೆ ಸಾಕು: “ಅಮ್ಮಾ, ಅವರೇ ತಗೊಂಡಿದ್ದು ಅನ್ನೋದಕ್ಕೆ ಸಾಕ್ಷಿ ಏನಿದೆ?”