767, 768

ಬೆಳಿಗ್ಗೆ ಆರೂಕಾಲು. ಮಳೆ ಬಿಡಲಿಲ್ಲ, ಕೆರೆಗೆ ಹೋಗಲಿಲ್ಲ. ನಮ್ಮ ಹಕ್ಕಿ ನೋಡುವ ಗುಂಪಿಗೆಂದು ವೆಬ್ ಪುಟ ಕಟ್ಟುವ ಬೂಟ್‌ಸ್ಟ್ರಾಪ್ ಚೌಕಟ್ಟಿನಲ್ಲಿ ಮಾಡಿಟ್ಟ ಪುಟವನ್ನು ಲ್ಯಾಪ್‌ಟಾಪಿನಲ್ಲಿ ತೆರೆದು ಕೂತೆ. ಫೋನಿನಲ್ಲಿ ಕಾರ್ಡುಗಳು ಒಂದಕ್ಕೊಂದು ಮೈ ತಾಗಿಸಿಕೊಂಡಂತೆ ಕಾಣುತ್ತವೆ ಎಂದು ಗೆಳೆಯರೊಬ್ಬರು ಹೇಳಿ ಹದಿನೈದು ದಿನವಾಗಿತ್ತು.

ಕೆರೆ ದಂಡೆಯ ಅಭ್ಯಾಸ ಇಲ್ಲಿಗೂ ಸಲ್ಲುತ್ತದೆ: ಕೂತಲ್ಲಿಂದ ಕದಲಬಾರದು, ಒಂದು ಸಲಕ್ಕೆ ಒಂದನ್ನೇ ನೋಡಬೇಕು. ನಾನು ಆರಿಸಿಕೊಂಡದ್ದು ಕಾರ್ಡಿನ ಕೆಳಗಿನ ಖಾಲಿ ಜಾಗ. ಬ್ರೌಸರ್ ಕಿಟಕಿಯ ಬಲ ಅಂಚು ಹಿಡಿದು ಕೂದಲೆಳೆಯಷ್ಟು ಎಡಕ್ಕೆ ಎಳೆಯುವುದು, ನಿಲ್ಲುವುದು, ಅಳೆಯುವುದು.

1100 ಪಿಕ್ಸೆಲ್: ಜಾಗ 48. 1040: 48. 992 ದಾಟುತ್ತಿದ್ದಂತೆ ಪುಟದ ಮೈ 960ರಿಂದ 720ಕ್ಕೆ ಕುಗ್ಗಿತು, ಸಾಲುಗಳು ಮುರಿದು ಕೆಳಗಿಳಿದವು. ಕಾರ್ಡಿನ ಕೆಳಗೆ ಮಾತ್ರ ಅದೇ 48. 850, 800, 770. ಇನ್ನೇನೂ ಆಗುವುದಿಲ್ಲ ಎಂದು ಚಹಾಕ್ಕೆ ಏಳುವವನಿದ್ದೆ. 768ರಿಂದ 767ಕ್ಕೆ ಬಂದಾಗ ಜಾಗ 16 ಆಗಿತ್ತು. ನಡುವೆ 40 ಇಲ್ಲ, 30 ಇಲ್ಲ. ಅಲ್ಲಿಂದ 320ರವರೆಗೂ ಎಳೆದೆ, 16 ಕದಲಲಿಲ್ಲ. ರೆಸ್ಪಾನ್ಸಿವ್ ಎಂದರೆ ನೀರಿನಂತೆ ಹರಿದು ಹೊಂದಿಕೊಳ್ಳುವುದು ಅಂತ ನಾವು ಹೇಳಿಕೊಂಡು ತಿರುಗುತ್ತೇವೆ. ಇದು ಹರಿಯಲಿಲ್ಲ, ಕಪ್ಪೆಯ ಹಾಗೆ ಬಹಳ ಹೊತ್ತು ಕೂತಿತ್ತು, ಒಮ್ಮೆ ನೆಗೆಯಿತು, ಮತ್ತೆ ಕೂತಿತು.

ಕಾರ್ಡಿಗೆ ಕೊಟ್ಟಿದ್ದ ಕ್ಲಾಸಿನ ಹೆಸರು: ಎಂಬಿ-3, ಅದರ ಪಕ್ಕ ಎಂಬಿ-ಎಂಡಿ-5. ಎಂ ಅಂದರೆ ಮಾರ್ಜಿನ್ (ಹೊರಗಿನ ಜಾಗ), ಬಿ ಅಂದರೆ ಕೆಳಬದಿ. ನಡುವೆ ಎಂಡಿ ಸೇರಿದರೆ 768 ಪಿಕ್ಸೆಲ್ ಮತ್ತು ಅದಕ್ಕಿಂತ ಅಗಲದ ಪರದೆಗೆ ಎಂದರ್ಥ. ಕೊನೆಯ ಅಂಕಿ ಪಿಕ್ಸೆಲ್ ಅಲ್ಲ, ಮೆಟ್ಟಿಲಿನ ಸಂಖ್ಯೆ. ಸೊನ್ನೆಯಿಂದ ಐದರವರೆಗೆ ಮೆಟ್ಟಿಲುಗಳು 0, 4, 8, 16, 24, 48. ಸಮ ಮೆಟ್ಟಿಲುಗಳಲ್ಲ, ನಾಲ್ಕರಿಂದ ಐದಕ್ಕೆ ಕಾಲೆತ್ತಿದರೆ ಒಮ್ಮೆಲೇ ಎರಡರಷ್ಟು. ನನಗೆ ಹತ್ತಕ್ಕೆ ಆರು ಸಲ ಬೇಕಾಗುವುದು 32, ಅದೇ ಇಲ್ಲ. ಇಂಥದೇ ಇನ್ನೊಂದು ಚೌಕಟ್ಟಾದ ಟೇಲ್‌ವಿಂಡ್‌ನಲ್ಲಿ ಇದೆ, ಅಲ್ಲಿ ಅದಕ್ಕೆ ಅಂಕಿ 8. ಎರಡರಲ್ಲೂ ಕೆಲಸ ಮಾಡುವವರು ಎಡವುವ ಜಾಗವೂ ಇದೇ: ಪಿ-4 ಎಂಬ ಹೆಸರು ಎರಡರಲ್ಲೂ ಇದೆ, ಬೂಟ್‌ಸ್ಟ್ರಾಪ್‌ನಲ್ಲಿ ಅದು 24 ಪಿಕ್ಸೆಲ್ ಪ್ಯಾಡಿಂಗ್ (ಒಳಗಿನ ಜಾಗ), ಟೇಲ್‌ವಿಂಡ್‌ನಲ್ಲಿ 16. ಒಂದೇ ಹೆಸರು ಕರಾವಳಿಯಲ್ಲಿ ಒಂದು ಗಿಡಕ್ಕೆ, ಬಯಲುಸೀಮೆಯಲ್ಲಿ ಇನ್ನೊಂದಕ್ಕೆ ಇದ್ದ ಹಾಗೆ.

ಈ ಪಿಕ್ಸೆಲ್ ಲೆಕ್ಕವೂ ಅಕ್ಷರದ ಮೂಲ ಅಳತೆ 16 ಇದ್ದಾಗಿನದು. ಬ್ರೌಸರ್ ಸೆಟ್ಟಿಂಗ್‌ನಲ್ಲಿ ಅಕ್ಷರವನ್ನು 20ಕ್ಕೆ ಏರಿಸಿ ನೋಡಿದೆ. 48 ಇದ್ದದ್ದು 60 ಆಯಿತು. ನೆಗೆಯುವ ಗಡಿ ಮಾತ್ರ ಅದೇ 768.

ಏಳೂಮುಕ್ಕಾಲು. ಕಾರ್ಡುಗಳ ಮೇಲೆ ಒಂದು ಪರಿಚಯದ ಪ್ಯಾರಾ, ಅದರಡಿ ಶೀರ್ಷಿಕೆ. ಪ್ಯಾರಾಕ್ಕೆ ಎಂಬಿ-4, ಶೀರ್ಷಿಕೆಗೆ ಮೇಲ್ಬದಿಯ ಎಂಟಿ-3. ಇಪ್ಪತ್ತನಾಲ್ಕೂ ಹದಿನಾರೂ ಸೇರಿ ನಲವತ್ತು ಇರಬೇಕು. ಅಳೆದರೆ 24. ಮತ್ತೆ ಅಳೆದೆ, 24. ಕ್ರೋಮ್‌ನಲ್ಲಿ ಪ್ಯಾರಾದ ಮೇಲೆ ಬಾಣ ಇಟ್ಟರೆ ಕೆಳಗೆ ಕಿತ್ತಳೆ ಪಟ್ಟಿ ಕಾಣುತ್ತದೆ. ಶೀರ್ಷಿಕೆಯ ಮೇಲೆ ಇಟ್ಟರೆ ಅದೇ ಜಾಗದಲ್ಲಿ ಅದರ ಕಿತ್ತಳೆ ಪಟ್ಟಿ. ಎರಡೂ ಒಂದರ ಮೇಲೊಂದು ಮಲಗಿವೆ. ಮೇಲೆ ಕೆಳಗೆ ಇರುವ ಎರಡು ಮಾರ್ಜಿನ್ ಎದುರಾದರೆ ಕೂಡುವುದಿಲ್ಲ, ದೊಡ್ಡದು ಉಳಿಯುತ್ತದೆ, ಚಿಕ್ಕದು ಅದರೊಳಗೆ ಅಡಗುತ್ತದೆ. ಪುಟದ ರೂಪ ನಿರ್ಧರಿಸುವ ಸಿಎಸ್ಎಸ್‌ನ ಹಳೆಯ ಗುಣ ಇದು. ಎಷ್ಟೋ ವರ್ಷದಿಂದ ಗೊತ್ತಿದ್ದೂ ಪ್ರತಿ ಸಲ ಮೊದಲು ಅಳತೆಪಟ್ಟಿಯ ಮೇಲೇ ನನಗೆ ಅನುಮಾನ. ಎರಡನ್ನೂ ಒಂದು ಫ್ಲೆಕ್ಸ್ ಡಬ್ಬಿಯೊಳಗೆ ಒಂದರ ಕೆಳಗೊಂದು ಇಟ್ಟು ನೋಡಿದೆ: 40. ಆ ಡಬ್ಬಿಯಲ್ಲಿ ಯಾರೂ ಯಾರೊಳಗೂ ಅಡಗುವುದಿಲ್ಲ. ಹೆಸರು ಅದೇ, ನೆರೆಹೊರೆ ಬೇರೆ.

ಒಂದು ಬಟನ್ನಿನ ಮೇಲೆ ಎಂಎಲ್-3 ಸಿಕ್ಕಿತು. ಎಡಕ್ಕೆ ಜಾಗ ಬಿಡಬೇಕಾದದ್ದು, ಬಿಟ್ಟಿಲ್ಲ. 2021ರಲ್ಲಿ ಬಂದ ಬೂಟ್‌ಸ್ಟ್ರಾಪ್‌ನ ಐದನೇ ಆವೃತ್ತಿಯಲ್ಲಿ ಎಡ, ಬಲ ಎಂಬ ಹೆಸರು ಹೋಗಿ ಆರಂಭ, ಅಂತ್ಯ ಎಂದಾಯಿತು. ಉರ್ದು, ಅರಬ್ಬಿಯಂತೆ ಬಲದಿಂದ ಓದುವ ಪುಟಗಳಿಗೂ ಹೊಂದಲಿ ಎಂದು. ಈಗದು ಎಂಎಸ್-3. ಹಳೆಯ ಹೆಸರು ಬೇಲಿಗೆ ಸಿಕ್ಕಿಕೊಂಡ ಹಾವಿನ ಪೊರೆಯಂತೆ ಅಲ್ಲೇ ಉಳಿದಿತ್ತು. ತೆಗೆದೆ.

ಇನ್ನು ಫೋನಿನ ದೂರು. ಕೆಳಗಿನ ಜಾಗ 16 ಇದೆಯಲ್ಲ, ತಾಗುತ್ತಿರುವುದು ಯಾವುದು? ಗೆಳೆಯರು ಕಳಿಸಿದ್ದ ಸ್ಕ್ರೀನ್‌ಶಾಟ್ ಹಿಗ್ಗಿಸಿದಾಗ ತಿಳಿಯಿತು. ತಾಗುತ್ತಿದ್ದದ್ದು ಕಾರ್ಡುಗಳಲ್ಲ, ಅಕ್ಷರಗಳು. ‘ಕೆರೆಗೆ ಬಂದ ಹೆಜ್ಜಾರ್ಲೆ’ ಒಂದು ಸಾಲು, ಕೆಳಗಿನ ಸಾಲಿನಲ್ಲಿ ‘ಜೋಡಿ ಮಿಂಚುಳ್ಳಿ’. ಹೆಜ್ಜಾರ್ಲೆಯ ಜ ಒತ್ತು ಇಳಿದು ಕೆಳಗಿನ ಗುಡಿಸೊಂದನ್ನು ಮುಟ್ಟಿತ್ತು. ಬೂಟ್‌ಸ್ಟ್ರಾಪ್ ಶೀರ್ಷಿಕೆಗಳಿಗೆ ಸಾಲಿನ ಎತ್ತರ ಅಕ್ಷರದ 1.2ರಷ್ಟು. 20 ಪಿಕ್ಸೆಲ್ ಅಕ್ಷರಕ್ಕೆ 24 ಪಿಕ್ಸೆಲ್ ಸಾಲು. ಇಂಗ್ಲಿಷ್ ಅಕ್ಷರಕ್ಕೆ ಅಷ್ಟು ಸಾಕು, ಕಾಲು ಚಾಚುವ ಒತ್ತಕ್ಷರಕ್ಕೆ ಸಾಲದು. ಅಗಲ ಪರದೆಯಲ್ಲಿ ಶೀರ್ಷಿಕೆ ಒಂದೇ ಸಾಲಿಗೆ ಮುಗಿಯುತ್ತಿದ್ದರಿಂದ ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

ಶೀರ್ಷಿಕೆಗೆ ಸಾಲಿನ ಎತ್ತರದ ಕ್ಲಾಸಾದ ಎಲ್‌ಎಚ್-ಬೇಸ್ ಹಾಕಿದೆ, ಸಾಲು 24ರಿಂದ 30ಕ್ಕೆ ಏರಿತು. ಈ ಕ್ಲಾಸಿಗೆ ಎಂಡಿ ಸೇರಿಸಿ ಪರದೆಗೊಂದು ಅಳತೆ ಕೊಡುವ ಸೌಲಭ್ಯ ಬೂಟ್‌ಸ್ಟ್ರಾಪ್ ತಾನಾಗಿ ಕೊಡುವುದಿಲ್ಲ, ಎಲ್ಲ ಅಗಲಕ್ಕೂ ಒಂದೇ. ಇರಲಿ, ಕನ್ನಡಕ್ಕೆ ಅಗಲ ಪರದೆಯಲ್ಲೂ ಅಷ್ಟು ಉಸಿರು ಬೇಕು.

ಕಿಟಕಿಯನ್ನು 360ಕ್ಕೆ ಇಳಿಸಿ ಮತ್ತೆ ನೋಡಿದೆ. ಒತ್ತಿಗೂ ಗುಡಿಸಿಗೂ ನಡುವೆ ಬಿಳಿ ಗೆರೆಯೊಂದು, ದಾರದಷ್ಟು ಸಣ್ಣದು. ಹೊರಗೆ ಮಳೆ ನಿಂತಿತ್ತು. ಚಹಾ ಆರಿತ್ತು.