ಜ್ವರ ಇಳಿದ ದಿನದ ಎಚ್ಚರ

ಮಗುವಿನ ಮೈ ತಣ್ಣಗಾದೊಡನೆ ಮನೆಯವರು ನೆಮ್ಮದಿಗೊಳ್ಳುವುದು ಸಹಜ. ಡೆಂಗೆ ಜ್ವರದಲ್ಲಿ ಮಾತ್ರ ಆ ಹೊತ್ತೇ ಅಪಾಯದ್ದು. ಕೇರಳದಲ್ಲಿ 1997ರಲ್ಲಿ ಕೋಟ್ಟಯಂ ಜಿಲ್ಲೆಯಲ್ಲಿ ಮೊದಲು ಕಂಡುಬಂದ ಈ ಜ್ವರ ತಲೆನೋವು, ಕಣ್ಣಾಲಿಗಳ ಹಿಂದಿನ ನೋವು, ಕೀಲುನೋವುಗಳೊಡನೆ ಆರಂಭವಾಗುತ್ತದೆ. ಮೂರರಿಂದ ಏಳನೆಯ ದಿನದೊಳಗೆ ಜ್ವರ ಇಳಿಯುವಾಗ ರಕ್ತನಾಳಗಳಿಂದ ದ್ರವ ಸೋರತೊಡಗಬಹುದು. ತೀವ್ರ ಹೊಟ್ಟೆನೋವು, ಎಡೆಬಿಡದ ವಾಂತಿ, ಒಸಡಿನಲ್ಲಿ ರಕ್ತ, ಮಂಪರು, ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಒಯ್ಯಬೇಕು. ಆಸ್ಪಿರಿನ್, ಐಬುಪ್ರೊಫೆನ್ ಕೊಡಲೇಬಾರದು, ರಕ್ತಸ್ರಾವ ಹೆಚ್ಚೀತು.

ಹಗಲಿನಲ್ಲಿ ಕಚ್ಚುವ ಈಡಿಸ್ ಸೊಳ್ಳೆಗೆ ಕೆರೆ ಬೇಕಿಲ್ಲ. ನಮ್ಮ ವಯನಾಡಿನ ತೋಟಗಳಲ್ಲಿ ಉದುರಿದ ಅಡಿಕೆ ಹಾಳೆಯೊಳಗಿನ ಬೊಗಸೆ ನೀರು ಸಾಕು. ಮೊಟ್ಟೆಯೋ, ಒಣಗಿದ ತೊಟ್ಟಿಯ ಬದಿಗಂಟಿ ತಿಂಗಳುಗಟ್ಟಲೆ ಬದುಕುತ್ತದೆ. ನೀರು ಚೆಲ್ಲಿದರೆ ಸಾಲದು, ತಿಕ್ಕಬೇಕು. ಮಳೆಗಾಲದ ಪ್ರತಿ ಭಾನುವಾರ ನಾವು ಮಕ್ಕಳೊಡನೆ ತೋಟ ಸುತ್ತಿ ಹಾಳೆಗಳನ್ನು ಹೆಕ್ಕುತ್ತೇವೆ.