ಹುಡುಕಿದವರಿಗೆ ದೊರೆಯುವ ಕನ್ನಡ: ಜಾಲತಾಣಗಳ ಶೋಧಯೋಗ್ಯತೆಯ ಅಳತೆ (ಗಡಿಭಾಗದ ಐದು ತಾಲೂಕುಗಳನ್ನು ಅನುಲಕ್ಷಿಸಿ)

ಬೆಳಗಾವಿ ಜಿಲ್ಲೆಯ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಮತ್ತು ಕಾಗವಾಡ ತಾಲೂಕುಗಳು ಕನ್ನಡ-ಮರಾಠಿಗಳು ನಿತ್ಯದ ವ್ಯವಹಾರದಲ್ಲಿ ಜೊತೆಜೊತೆಯಾಗಿ ಬಳಕೆಯಾಗುವ ಪ್ರದೇಶಗಳು. ಇಲ್ಲಿನ ಸಾಹಿತ್ಯ, ಶಾಸನ, ಜಾತ್ರೆ, ಕಸುಬುಗಳನ್ನು ಕುರಿತು ಕನ್ನಡದಲ್ಲಿ ಸಾಕಷ್ಟು ಬರವಣಿಗೆ ನಡೆದಿದೆ. ಅದರ ಒಂದು ಭಾಗ ಕಾಲೇಜುಗಳ, ಸಂಘಸಂಸ್ಥೆಗಳ ಜಾಲತಾಣಗಳಿಗೂ ಏರಿದೆ. ಆದರೆ ಜಾಲತಾಣಕ್ಕೆ ಏರಿದ ಮಾತ್ರಕ್ಕೆ ಬರೆಹವು ಓದುಗನನ್ನು ತಲುಪಿದಂತಾಗುವುದಿಲ್ಲ. ಇಂದಿನ ವಿದ್ಯಾರ್ಥಿ ಶೋಧಯಂತ್ರದ ಮೂಲಕವೇ ಆಕರಗಳನ್ನು ಅರಸುತ್ತಾನೆ. ಅಲ್ಲಿ ಕಾಣದಿರುವುದು ಅವನ ಪಾಲಿಗೆ ಇಲ್ಲವೇ ಇಲ್ಲ. ಆದ್ದರಿಂದ ಒಂದು ಜಾಲತಾಣವು ಶೋಧಕ್ಕೆ ಎಷ್ಟರಮಟ್ಟಿಗೆ ಒದಗುತ್ತದೆ ಎಂಬುದನ್ನು ಅಳೆಯುವ ಬಗೆಯನ್ನು ಪ್ರಸ್ತುತ ಲೇಖನದಲ್ಲಿ ವಿವೇಚಿಸಲಾಗಿದೆ.

1. ಅಂಕ ಮತ್ತು ಆರೋಗ್ಯ

ಶೋಧಯಂತ್ರದ ಕಾರ್ಯವನ್ನು ಗ್ರಂಥಾಲಯದ ಕಾರ್ಯಕ್ಕೆ ಹೋಲಿಸಬಹುದು. ಪುಸ್ತಕವು ಮೊದಲು ಗ್ರಂಥಾಲಯಕ್ಕೆ ಬರಬೇಕು, ಬಳಿಕ ಸೂಚಿಯಲ್ಲಿ ದಾಖಲಾಗಬೇಕು, ಓದುಗ ಕೇಳಿದಾಗ ಕೈಗೆ ಸಿಗಬೇಕು. ಹಾಗೆಯೇ ಶೋಧಯಂತ್ರವು ಕೊಂಡಿಗಳನ್ನು ಹಿಡಿದು ಪುಟಗಳನ್ನು ತಲುಪುತ್ತದೆ, ಅವುಗಳ ಪಠ್ಯವನ್ನು ಸೂಚಿಗೆ ಸೇರಿಸುತ್ತದೆ, ಪ್ರಶ್ನೆ ಬಂದಾಗ ತಕ್ಕ ಪುಟಗಳನ್ನು ಕ್ರಮವಾಗಿ ಜೋಡಿಸಿ ಕೊಡುತ್ತದೆ. ಈ ಮೂರು ಹಂತಗಳಿಗೂ ತಾಣವನ್ನು ಅಣಿಗೊಳಿಸುವ ಕೆಲಸಕ್ಕೆ ‘ಎಸ್‌ಇಒ’ ಎಂಬ ಹೆಸರು ರೂಢಿಯಲ್ಲಿದೆ.

ತಾಣದ ಒಟ್ಟು ಆರೋಗ್ಯವನ್ನು ನೂರಕ್ಕೆ ಇಷ್ಟು ಎಂದು ಹೇಳುವ ಪರೀಕ್ಷಾ ಸಾಧನಗಳು ಹಲವು ಇವೆ. ಗೂಗಲ್‌ನ ‘ಲೈಟ್‌ಹೌಸ್’ ಅವುಗಳಲ್ಲೊಂದು. ಅದರ ಎಸ್‌ಇಒ ವಿಭಾಗವು ಪುಟಕ್ಕೆ ಶೀರ್ಷಿಕೆ ಇದೆಯೇ, ವಿವರಣೆ ಇದೆಯೇ, ಸೂಚಿಗೆ ಸೇರಿಸಲು ಅಡ್ಡಿಯಿದೆಯೇ ಎಂಬಂತಹ ಮೂಲಭೂತ ಅಂಶಗಳನ್ನು ಪರಿಶೀಲಿಸುತ್ತದೆ. ಈ ಪರಿಶೀಲನೆ ಅಗತ್ಯವೇ ಹೌದು. ಆದರೆ ಆ ಶೀರ್ಷಿಕೆಯ ಕನ್ನಡವು ಓದುಗ ಟಂಕಿಸುವ ಕನ್ನಡದೊಡನೆ ಕೂಡುತ್ತದೆಯೇ ಎಂಬ ಪ್ರಶ್ನೆಗೆ ಅದರಲ್ಲಿ ಉತ್ತರವಿಲ್ಲ. ಉತ್ತಮ ಅಂಕ ಪಡೆದ ಕನ್ನಡ ತಾಣವೂ ಶೋಧದಲ್ಲಿ ಅಗೋಚರವಾಗಿರಬಹುದಾದುದು ಇದರಿಂದಲೇ.

2. ಸಂಕೇತದ ತೊಡಕು

ಯುನಿಕೋಡ್ ಬಳಕೆ ವ್ಯಾಪಕವಾಗುವ ಮೊದಲು ನುಡಿ, ಬರಹ ಮೊದಲಾದ ತಂತ್ರಾಂಶಗಳ ಅಕ್ಷರಶೈಲಿಗಳಲ್ಲಿ ಕನ್ನಡವನ್ನು ಸಿದ್ಧಪಡಿಸಲಾಗುತ್ತಿತ್ತು. ಅಂತಹ ಕಡತದಲ್ಲಿ ಕಣ್ಣಿಗೆ ಕಾಣುವುದು ಕನ್ನಡ, ಒಳಗೆ ಉಳಿಯುವುದು ರೋಮನ್ ಮತ್ತು ಇತರ ಚಿಹ್ನೆಗಳ ಸಂಕೇತ. ಇದನ್ನು ಹಾಗೆಯೇ ತಾಣಕ್ಕೆ ಏರಿಸಿದರೆ ಶೋಧಯಂತ್ರಕ್ಕೆ ದೊರೆಯುವುದು ಅರ್ಥವಿಲ್ಲದ ಅಕ್ಷರಗಳ ಸಾಲು. ‘ಅಥಣಿ’ ಎಂದು ಹುಡುಕಿದವನಿಗೆ ಆ ಪುಟ ಸಿಗಲಾರದು. ಮುದ್ರಿತ ಪುಟಗಳನ್ನು ಚಿತ್ರರೂಪದಲ್ಲಿ ಏರಿಸಿದಾಗಲೂ, ಅಕ್ಷರ ಗುರುತಿಸುವ ತಂತ್ರದಿಂದ ಪಠ್ಯವಾಗಿ ಪರಿವರ್ತಿಸದ ಹೊರತು, ಇಂಥದೇ ತೊಡಕು ಎದುರಾಗುತ್ತದೆ.

ಯುನಿಕೋಡ್‌ನಲ್ಲಿಯೂ ಸೂಕ್ಷ್ಮಗಳಿವೆ. ‘ಚಿಕ್ಕೋಡಿ’ ಪದದ ಓಕಾರವು ಒಂದೇ ಸಂಕೇತವಾಗಿಯೂ ಮೂರು ಬಿಡಿ ಸಂಕೇತಗಳ ಜೋಡಣೆಯಾಗಿಯೂ ದಾಖಲಾಗಬಲ್ಲದು. ಕಣ್ಣಿಗೆ ಎರಡೂ ಒಂದೇ. ದೊಡ್ಡ ಶೋಧಯಂತ್ರಗಳು ಇಂಥ ರೂಪಗಳನ್ನು ಏಕರೂಪಕ್ಕೆ ತಂದುಕೊಳ್ಳಬಲ್ಲವು. ತಾಣದ ಒಳಗಿನ ಸಣ್ಣ ಶೋಧ ಸೌಲಭ್ಯಗಳು ಅವನ್ನು ಬೇರೆ ಬೇರೆ ಪದಗಳೆಂದೇ ತಿಳಿಯುವ ಸಾಧ್ಯತೆಯಿದೆ. ಅನುಸ್ವಾರದ ಸ್ಥಾನದಲ್ಲಿ ಕನ್ನಡದ ಸೊನ್ನೆಯನ್ನು ಟಂಕಿಸುವ ಅಭ್ಯಾಸವೂ ಇಂಥದೇ ದೋಷಕ್ಕೆ ಕಾರಣವಾಗುತ್ತದೆ.

3. ಹೆಸರುಗಳ ರೂಪಭೇದ

ಗಡಿಭಾಗದಲ್ಲಿ ಸಮಸ್ಯೆಯ ಮುಖ್ಯ ನೆಲೆ ಸ್ಥಳನಾಮಗಳದು. ಕನ್ನಡದ ‘ನಿಪ್ಪಾಣಿ’ ಮರಾಠಿಯಲ್ಲಿ ‘ನಿಪಾಣಿ’. ‘ರಾಯಬಾಗ’, ‘ರಾಯಬಾಗ್’ ಎರಡೂ ಬರೆಹದಲ್ಲಿವೆ. ‘ಬೆಳಗಾಂ’ ಎಂಬ ಹಳೆಯ ರೂಪವು 2014ರ ನವೆಂಬರ್ 1ರಿಂದ ಅಧಿಕೃತವಾಗಿ ‘ಬೆಳಗಾವಿ’ಯಾಯಿತು. ನಿಪ್ಪಾಣಿ ಹಿಂದೆ ಚಿಕ್ಕೋಡಿ ತಾಲೂಕಿಗೂ ಕಾಗವಾಡ ಅಥಣಿ ತಾಲೂಕಿಗೂ ಸೇರಿದ್ದವು. ಆದ್ದರಿಂದ ಹಳೆಯ ಬರೆಹಗಳಲ್ಲಿ ‘ಅಥಣಿ ತಾಲೂಕಿನ ಶೇಡಬಾಳ’ ಎಂದಿರುವ ಊರನ್ನು ಇಂದಿನ ಓದುಗ ಕಾಗವಾಡದ ಹೆಸರಿನಲ್ಲಿ ಹುಡುಕುತ್ತಾನೆ.

ಕನ್ನಡ ಅಧ್ಯಾಪಕರಿಗೆ ಪರಿಚಿತವಾದ ನಿದರ್ಶನವೊಂದನ್ನು ಗಮನಿಸಬಹುದು. ಈ ಶೇಡಬಾಳದವರಾದ ಮಿರ್ಜಿ ಅಣ್ಣಾರಾಯರ ಕಾದಂಬರಿ ‘ನಿಸರ್ಗ’, ಗಡಿಭಾಗದ ಬದುಕನ್ನೂ ಆಡುನುಡಿಯನ್ನೂ ಕನ್ನಡ ಕಾದಂಬರಿಗೆ ತಂದ ಕೃತಿ. ಅದನ್ನು ಕುರಿತ ಲೇಖನಕ್ಕೆ ‘ನಿಸರ್ಗ: ಒಂದು ಅಧ್ಯಯನ’ ಎಂದಷ್ಟೇ ಶೀರ್ಷಿಕೆಯಿದ್ದರೆ, ಪ್ರಕೃತಿಯನ್ನು ಕುರಿತ ಅಸಂಖ್ಯ ಪುಟಗಳ ನಡುವೆ ಅದು ಕಳೆದುಹೋಗುತ್ತದೆ. ಲೇಖಕರ ಹೆಸರು, ‘ಕಾದಂಬರಿ’ ಎಂಬ ಪ್ರಕಾರ ಮತ್ತು ಊರಿನ ಹೆಸರು ಶೀರ್ಷಿಕೆಯಲ್ಲಿಯೋ ಮೊದಲ ವಾಕ್ಯದಲ್ಲಿಯೋ ಇದ್ದರೆ ಅದೇ ಲೇಖನ ಸುಲಭವಾಗಿ ದೊರೆಯುತ್ತದೆ. ಮುದ್ರಣದಲ್ಲಿ ಸಂದರ್ಭವೇ ಒದಗಿಸುತ್ತಿದ್ದ ಮಾಹಿತಿಯನ್ನು ಇಲ್ಲಿ ಶೀರ್ಷಿಕೆಯೇ ಹೊರಬೇಕಾಗುತ್ತದೆ.

ಕಸುಬಿನ ಕ್ಷೇತ್ರದಲ್ಲಿಯೂ ಇದನ್ನು ಕಾಣಬಹುದು. 2019ರಲ್ಲಿ ಕೊಲ್ಹಾಪುರಿ ಚಪ್ಪಲಿಗೆ ಭೌಗೋಳಿಕ ಸೂಚಕದ ಮಾನ್ಯತೆ ದೊರೆತಾಗ, ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳೊಡನೆ ಕರ್ನಾಟಕದ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳೂ ಅದರಲ್ಲಿ ಸೇರಿದವು. ಅಥಣಿ, ನಿಪ್ಪಾಣಿ ಭಾಗದ ಕುಶಲಕರ್ಮಿಗಳು ತಲೆಮಾರುಗಳಿಂದ ಇವನ್ನು ತಯಾರಿಸುತ್ತ ಬಂದಿದ್ದಾರೆ. ಆದರೆ ಚಪ್ಪಲಿಯ ಹೆಸರಿನಲ್ಲಿಯೇ ಬೇರೊಂದು ಊರಿರುವುದರಿಂದ, ಶೋಧಿಸುವವನು ಅಥಣಿಯನ್ನು ನೆನೆಯುವುದಿಲ್ಲ. ಎರಡೂ ಹೆಸರುಗಳು ಒಂದೇ ಪುಟದಲ್ಲಿ ಕೂಡಿ ಬಂದಾಗ ಮಾತ್ರ ಈ ಅಂತರ ತುಂಬುತ್ತದೆ.

4. ಅಳೆಯುವ ಕ್ರಮ

ಮೇಲಿನ ಅಂಶಗಳನ್ನು ಬಿಡಿಬಿಡಿಯಾಗಿ ಅಳೆದು ಸರಾಸರಿ ತೆಗೆಯುವುದು ಸರಿಯಲ್ಲ. ಅವು ಸರಪಳಿಯ ಕೊಂಡಿಗಳಂತೆ ಒಂದನ್ನೊಂದು ಅವಲಂಬಿಸಿವೆ. ಉದಾಹರಣೆಗೆ, ಒಂದು ತಾಣದಲ್ಲಿ 200 ಲೇಖನಗಳಿವೆ ಎಂದು ಊಹಿಸೋಣ. ಅವುಗಳಲ್ಲಿ 100 ಮಾತ್ರ ಯುನಿಕೋಡ್‌ನಲ್ಲಿದ್ದು, ಅವುಗಳ ಪೈಕಿ 60 ಸೂಚಿಗೆ ಸೇರಿ, 24 ಮಾತ್ರ ತಕ್ಕ ಹೆಸರಿನಿಂದ ಹುಡುಕಿದಾಗ ಮೊದಲ ಪುಟದಲ್ಲಿ ಕಂಡರೆ, ಆ ತಾಣದ ನಿಜವಾದ ಶೋಧಯೋಗ್ಯತೆ ಶೇಕಡಾ 12. ಎಲ್ಲಿ ಹೆಚ್ಚು ಸೋರಿಕೆಯಾಗುತ್ತಿದೆ, ದುರಸ್ತಿ ಎಲ್ಲಿಂದ ಆರಂಭವಾಗಬೇಕು ಎಂಬುದನ್ನೂ ಈ ಲೆಕ್ಕವೇ ತೋರಿಸುತ್ತದೆ.

ಸೂಚಿಗೆ ಸೇರಿದ ಪುಟಗಳ ವಿವರವನ್ನು ‘ಗೂಗಲ್ ಸರ್ಚ್ ಕನ್ಸೋಲ್’ ತಾಣದ ಒಡೆತನವುಳ್ಳವರಿಗೆ ಉಚಿತವಾಗಿ ನೀಡುತ್ತದೆ. ಯಾವ ಪದಗಳಿಗೆ ಪುಟ ಎಷ್ಟು ಬಾರಿ ಕಾಣಿಸಿತು, ಎಷ್ಟು ಜನ ತೆರೆದರು ಎಂಬ 16 ತಿಂಗಳ ಮಾಹಿತಿ ಅಲ್ಲಿ ಲಭ್ಯ. ಇದರಲ್ಲಿ ಸಂಸ್ಥೆಯ ಹೆಸರನ್ನೇ ಟಂಕಿಸಿ ಬಂದವರನ್ನು ಬೇರ್ಪಡಿಸಬೇಕು. ಇಲ್ಲವಾದರೆ ಸರಾಸರಿ ಸ್ಥಾನವು ಇರುವುದಕ್ಕಿಂತ ಮೇಲಾಗಿ ತೋರುತ್ತದೆ.

ಇದರೊಡನೆ ಕೈಯಿಂದ ಮಾಡುವ ಪರೀಕ್ಷೆಯೂ ಅವಶ್ಯ. ತಾಲೂಕಿಗೆ ಹತ್ತರಂತೆ ಐವತ್ತು ಶೋಧಪದಗಳನ್ನು ವಿದ್ಯಾರ್ಥಿಗಳಿಂದಲೇ ಬರೆಯಿಸಬೇಕು. ಉದಾಹರಣೆಗೆ, ರಾಯಬಾಗ ತಾಲೂಕಿನ ಚಿಂಚಲಿ ಮಾಯಕ್ಕನ ಜಾತ್ರೆಯನ್ನು ಅವರು ಕನ್ನಡ ಲಿಪಿಯಲ್ಲಿ ಹುಡುಕುತ್ತಾರೋ ರೋಮನ್ ಲಿಪಿಯಲ್ಲೋ ಮರಾಠಿಯಲ್ಲೋ ಎಂಬುದು ಆಗ ತಿಳಿಯುತ್ತದೆ. ಅದೇ ಪಟ್ಟಿಯನ್ನು ಮೂರು ತಿಂಗಳಿಗೊಮ್ಮೆ ಮರುಪರೀಕ್ಷಿಸಿದರೆ ಬದಲಾವಣೆ ಸ್ಪಷ್ಟವಾಗುತ್ತದೆ.

ಕೊನೆಯದಾಗಿ, ಪುಟ ಮೊಬೈಲಿನಲ್ಲಿ ಬೇಗ ತೆರೆಯಬೇಕು. ಮುಖ್ಯ ಭಾಗವು 2.5 ಸೆಕೆಂಡಿನೊಳಗೆ ಕಾಣಿಸಿಕೊಂಡರೆ ಉತ್ತಮ ಎಂಬುದು ಗೂಗಲ್ ನಿಗದಿಪಡಿಸಿದ ಮಾನದಂಡ. ಗ್ರಾಮೀಣ ಭಾಗದ ದುರ್ಬಲ ಸಂಪರ್ಕದಲ್ಲಿ ಭಾರವಾದ ಚಿತ್ರಗಳ ಪುಟ ಈ ಮಿತಿಯನ್ನು ಮೀರುವುದು ಸಹಜ.

ಉಪಸಂಹಾರ

ಕನ್ನಡ ತಾಣದ ಶೋಧಯೋಗ್ಯತೆಯ ಅಳತೆಯನ್ನು ತಂತ್ರಜ್ಞರಿಗೆ ಮಾತ್ರ ಬಿಟ್ಟುಕೊಡಲಾಗದು. ಸ್ಥಳನಾಮದ ರೂಪಗಳು, ಕೃತಿಕಾರರ ಹೆಸರಿನ ಪಾಠಾಂತರಗಳು, ಆಡುನುಡಿಯ ಪದಗಳು ಭಾಷಾ ವಿಭಾಗಗಳು ಬಲ್ಲ ಸಂಗತಿಗಳು. ಎರಡು ಭಾಷೆಗಳ ಓದುಗರಿರುವ ನೆಲದಲ್ಲಿ ಯಾವ ಭಾಷೆಯ ಆಕರ ಮೊದಲು ದೊರೆಯುತ್ತದೆಯೋ ಅದೇ ಮುಂದಿನ ಸಂಶೋಧನೆಯ ತಳಹದಿಯಾಗುತ್ತದೆ. ಹಳೆಯ ಸಂಚಿಕೆಗಳನ್ನು ಯುನಿಕೋಡ್‌ಗೆ ಪರಿವರ್ತಿಸಿ, ಪ್ರತಿ ಲೇಖನಕ್ಕೂ ಹೆಸರುಗಳ ಎಲ್ಲ ರೂಪಗಳನ್ನೊಳಗೊಂಡ ಕಿರು ಸಾರಾಂಶವೊಂದನ್ನು ಸೇರಿಸುವುದು ಪ್ರತಿಯೊಂದು ಕನ್ನಡ ವಿಭಾಗವೂ ತನ್ನ ಮಟ್ಟದಲ್ಲಿ ಕೈಗೊಳ್ಳಬಹುದಾದ ಕೆಲಸವಾಗಿದೆ.